ಹಳೆಯ ಗಿಟಾರ್ ಮಾರುವ ಮುನ್ನ: ಬೆಲೆ ಇರುವುದು ಮರದಲ್ಲೋ, ಮಾಹಿತಿಯಲ್ಲೋ?

ನ್ಯೂಯಾರ್ಕ್ ನಗರದಲ್ಲಿ 2024ರ ಮೇ ತಿಂಗಳಲ್ಲಿ ನಡೆದ ಹರಾಜೊಂದರಲ್ಲಿ ಹನ್ನೆರಡು ತಂತಿಗಳ ಹಳೆಯ ಅಕೂಸ್ಟಿಕ್ ಗಿಟಾರ್ ಒಂದು 28 ಲಕ್ಷ ಡಾಲರ್‌ಗೂ ಅಧಿಕ ಮೊತ್ತಕ್ಕೆ ಮಾರಾಟವಾಯಿತು. ಜರ್ಮನಿಯ ಫ್ರಾಮುಸ್ ಕಂಪೆನಿ ತಯಾರಿಸಿದ ಈ ವಾದ್ಯವನ್ನು ಬೀಟಲ್ಸ್ ತಂಡದ ಜಾನ್ ಲೆನನ್ 1965ರಲ್ಲಿ ‘ಹೆಲ್ಪ್’ ಗೀತಗುಚ್ಛದ ಧ್ವನಿಮುದ್ರಣಕ್ಕೆ ಬಳಸಿದ್ದರು. ಆನಂತರ ಕೈ ಬದಲಾಯಿಸಿದ ಗಿಟಾರ್ ಬ್ರಿಟನ್ನಿನ ಮನೆಯೊಂದರ ಅಟ್ಟ ಸೇರಿ, ದಶಕಗಳ ಕಾಲ ಯಾರ ಗಮನಕ್ಕೂ ಬಾರದೆ ಉಳಿದಿತ್ತು.

ಇಂಥ ಸುದ್ದಿಯೊಂದು ಪ್ರಕಟವಾದಾಗಲೆಲ್ಲ ಅಮೆರಿಕ, ಯುರೋಪ್‌ಗಳ ಹಳೆಯ ಗಿಟಾರ್ ವ್ಯಾಪಾರಿಗಳ ದೂರವಾಣಿಗಳಿಗೆ ಬಿಡುವಿಲ್ಲ. ಅಜ್ಜ ನುಡಿಸುತ್ತಿದ್ದ ಗಿಟಾರ್, ತಂದೆಯ ನಿಧನಾನಂತರ ಮಂಚದ ಕೆಳಗೆ ದೊರೆತ ಗಿಟಾರ್, ಬಾಡಿಗೆದಾರರು ಬಿಟ್ಟುಹೋದ ಗಿಟಾರ್ ಎಲ್ಲಕ್ಕೂ ಬೆಲೆ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಅವುಗಳಲ್ಲಿ ಬಹುಪಾಲು ಸಾಧಾರಣ ವಾದ್ಯಗಳೇ ಆಗಿರುತ್ತವೆ ಎಂಬುದು ನಿಜ. ಆದರೆ ಅಪರೂಪಕ್ಕೊಮ್ಮೆ ಒಂದು ಕುಟುಂಬದ ಸಾಲ ತೀರಿಸಬಲ್ಲ, ಮಕ್ಕಳ ಕಾಲೇಜು ಶುಲ್ಕ ಭರಿಸಬಲ್ಲ ವಾದ್ಯವೂ ಸಿಗುತ್ತದೆ. ಎರಡರ ನಡುವಿನ ವ್ಯತ್ಯಾಸ ಮಾರುವವರಿಗೆ ಗೊತ್ತಿರುವುದಿಲ್ಲ. ಕೊಳ್ಳುವ ತಜ್ಞನಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಈ ವಹಿವಾಟಿನ ಎಲ್ಲ ಲಾಭ-ನಷ್ಟಗಳ ಮೂಲ ಇರುವುದು ಈ ಅಸಮತೆಯಲ್ಲಿ.

ಹಾಗಾದರೆ ತಜ್ಞ ವ್ಯಾಪಾರಿಯ ಮುಂದೆ ಗಿಟಾರ್ ಪೆಟ್ಟಿಗೆ ತೆರೆಯುವ ಮುನ್ನ ಮಾರುವವರು ಏನನ್ನು ತಿಳಿದಿರಬೇಕು? ಏನನ್ನು ಮಾಡಬೇಕು? ಅದಕ್ಕಿಂತ ಮುಖ್ಯವಾಗಿ, ಏನನ್ನು ಮಾಡಬಾರದು? ಇಲ್ಲಿದೆ ವಿವರ.

ಹಳತೆಲ್ಲವೂ ಹೊನ್ನಲ್ಲ

ವಿದ್ಯುತ್ತಿನ ನೆರವಿಲ್ಲದೆ, ಟೊಳ್ಳಾದ ಮರದ ಒಡಲಿನಿಂದಲೇ ನಾದ ಹೊಮ್ಮಿಸುವ ಗಿಟಾರನ್ನು ಅಕೂಸ್ಟಿಕ್ ಗಿಟಾರ್ ಎನ್ನುತ್ತಾರೆ. ಲೋಹದ ತಂತಿಯ ಹಳೆಯ ಅಕೂಸ್ಟಿಕ್ ಗಿಟಾರ್‌ಗಳ ಮಾರುಕಟ್ಟೆಯಲ್ಲಿ ಎರಡು ಹೆಸರುಗಳಿಗೆ ಅಗ್ರಸ್ಥಾನ. ಮೊದಲನೆಯದು ಮಾರ್ಟಿನ್. ಸ್ಯಾಕ್ಸನಿ ಪ್ರಾಂತ್ಯದಿಂದ ವಲಸೆ ಬಂದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1833ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದ ಈ ಸಂಸ್ಥೆ, ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ನಜರೆತ್ ಪಟ್ಟಣಕ್ಕೆ ಸ್ಥಳಾಂತರಗೊಂಡು ಇಂದಿಗೂ ಅಲ್ಲಿಯೇ ನೆಲೆಸಿದೆ. ಎರಡನೆಯದು 1902ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ನಗರದಲ್ಲಿ ಸ್ಥಾಪನೆಯಾದ ಗಿಬ್ಸನ್.

ಆದರೆ ತಲೆಯ ಮೇಲೆ ಮಾರ್ಟಿನ್ ಅಥವಾ ಗಿಬ್ಸನ್ ಎಂಬ ಹೆಸರಿದ್ದ ಮಾತ್ರಕ್ಕೆ ಬೆಲೆ ಗಗನಕ್ಕೇರುವುದಿಲ್ಲ. ಸಂಗ್ರಾಹಕರು ಹುಡುಕುವುದು ನಿರ್ದಿಷ್ಟ ಮಾದರಿಯನ್ನು, ನಿರ್ದಿಷ್ಟ ವರ್ಷಗಳಲ್ಲಿ ತಯಾರಾದದ್ದನ್ನು. ಮಾರ್ಟಿನ್‌ನ ಮಟ್ಟಿಗೆ ಹೇಳುವುದಾದರೆ 1930ರ ದಶಕ ಹಾಗೂ 1940ರ ದಶಕದ ಮೊದಲರ್ಧವನ್ನು ಸುವರ್ಣಯುಗವೆಂದು ಪರಿಗಣಿಸಲಾಗುತ್ತದೆ. ಆ ಕಾಲದ ವಾದ್ಯಗಳ ಮುಂಭಾಗದ ಹಲಗೆಯ ಒಳಗಡೆ ಅಂಟಿಸಿದ ಆಧಾರ ಪಟ್ಟಿಗಳನ್ನು ನಡುನಡುವೆ ಕೆತ್ತಿ ಹಗುರಗೊಳಿಸಲಾಗುತ್ತಿತ್ತು. ಹಲಗೆ ಹೆಚ್ಚು ಸಲೀಸಾಗಿ ಕಂಪಿಸಿ, ನಾದ ತುಂಬಿಕೊಂಡು ಬರುವುದಕ್ಕೆ ಇದು ಕಾರಣ. ದಪ್ಪ ತಂತಿಗಳ ಎಳೆತಕ್ಕೆ ಹಲಗೆ ಉಬ್ಬುತ್ತಿದ್ದುದರಿಂದ 1944ರ ಕೊನೆಯ ವೇಳೆಗೆ ಕಂಪೆನಿ ಈ ಕೆತ್ತನೆಯನ್ನು ಕೈಬಿಟ್ಟಿತು. ಹೊರನೋಟಕ್ಕೆ ಅವಳಿಗಳಂತೆ ಕಾಣುವ 1943ರ ಗಿಟಾರ್ ಮತ್ತು 1953ರ ಗಿಟಾರ್ ನಡುವೆ ಬೆಲೆಯಲ್ಲಿ ಅಜಗಜಾಂತರ ಇರಲು ಇದೂ ಒಂದು ಕಾರಣ.

ಮಾರ್ಟಿನ್‌ನ ಡಿ-45 ಮಾದರಿ ಈ ಮಾರುಕಟ್ಟೆಯ ಶಿಖರ. ಗಾಯಕ, ನಟ ಜೀನ್ ಆಟ್ರಿಗಾಗಿ 1933ರಲ್ಲಿ ಮೊದಲು ತಯಾರಾದ ಇದು 1942ರಲ್ಲಿ ನಿಂತುಹೋಗುವ ಮುನ್ನ ಕಾರ್ಖಾನೆಯಿಂದ ಹೊರಬಂದದ್ದು ಕೇವಲ 91. ಮುಂದೆ 1960ರ ದಶಕದ ಕೊನೆಯಲ್ಲಿ ಈ ಮಾದರಿ ಮರುಜನ್ಮ ಪಡೆಯಿತಾದರೂ ಮೊದಲ 91ಕ್ಕೆ ಇರುವ ಬೆಲೆ ಅವಕ್ಕಿಲ್ಲ. ಮೊದಲಿನವುಗಳ ಬೆಲೆ ಲಕ್ಷಗಟ್ಟಲೆ ಡಾಲರ್.

ಇನ್ನೊಂದು ತುದಿಯಲ್ಲಿ ಷಿಕಾಗೋದ ಹಾರ್ಮನಿಯಂಥ ಕಾರ್ಖಾನೆಗಳ ಗಿಟಾರ್‌ಗಳಿವೆ. ಸಿಯರ್ಸ್‌ನಂಥ ಅಂಚೆ ಮಾರಾಟ ಸಂಸ್ಥೆಗಳ ಮೂಲಕ ಹಳ್ಳಿಹಳ್ಳಿಗೆ ತಲುಪಿದ ಇವು ಅಮೆರಿಕದ ಜನಸಾಮಾನ್ಯರ ವಾದ್ಯಗಳಾಗಿದ್ದವು. ಎಪ್ಪತ್ತು-ಎಂಬತ್ತು ವರ್ಷ ಹಳೆಯದಾದರೂ ಇವುಗಳಲ್ಲಿ ಬಹಳಷ್ಟು ಇಂದು ಕೆಲವು ನೂರು ಡಾಲರ್ ಮಾತ್ರ ತರಬಲ್ಲವು. ದುರಸ್ತಿಯ ಖರ್ಚೇ ವಾದ್ಯದ ಬೆಲೆಯನ್ನು ಮೀರುವುದೂ ಉಂಟು. ವಯಸ್ಸು ಒಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ ಎಂಬುದು ಈ ವ್ಯಾಪಾರದ ಮೊದಲ ಪಾಠ.

ಮೊದಲ ಕೆಲಸ: ಗುರುತು ಪತ್ತೆ

ಬೆಲೆ ಎಷ್ಟು ಎಂದು ಕೇಳುವ ಮುನ್ನ ಇದು ಯಾವ ಗಿಟಾರ್ ಎಂದು ಕೇಳಬೇಕು. ಮಾರ್ಟಿನ್ ವಿಷಯದಲ್ಲಿ ಇದು ಸುಲಭ. ನಾದರಂಧ್ರದೊಳಗೆ ದೀಪ ಬಿಟ್ಟು ನೋಡಿದರೆ, ಕುತ್ತಿಗೆ ಒಡಲನ್ನು ಸೇರುವಲ್ಲಿ ಇರುವ ಮರದ ತುಂಡಿನ ಮೇಲೆ ಕ್ರಮಸಂಖ್ಯೆ ಕಾಣುತ್ತದೆ. ಕಂಪೆನಿ 1898ರಲ್ಲಿ 8000ದಿಂದ ಈ ಸಂಖ್ಯೆಗಳನ್ನು ಆರಂಭಿಸಿತು. ವರ್ಷವಾರು ಪಟ್ಟಿಯೂ ಬಹಿರಂಗವಾಗಿ ಲಭ್ಯವಿದೆ. ಉದಾಹರಣೆಗೆ 1939ರ ಕೊನೆಯ ಸಂಖ್ಯೆ 74061, 1944ರ ಕೊನೆಯ ಸಂಖ್ಯೆ 90149. ಗಿಟಾರಿನ ಸಂಖ್ಯೆ ಇವೆರಡರ ನಡುವೆ ಇದ್ದರೆ ಅದು 1940ರಿಂದ 1944ರ ಅವಧಿಯದು ಎಂದು ಖಚಿತವಾಗಿ ಹೇಳಬಹುದು. 1930ರ ಕೊನೆಯ ಭಾಗದಿಂದ ಕ್ರಮಸಂಖ್ಯೆಯ ಜೊತೆ ಮಾದರಿಯ ಹೆಸರನ್ನೂ ಅಲ್ಲಿಯೇ ಒತ್ತಲಾಗಿದೆ.

ಗಿಬ್ಸನ್ ಕಥೆ ಬೇರೆ. ಅಲ್ಲಿ ಸಂಖ್ಯೆಯ ಪದ್ಧತಿ ಹಲವು ಬಾರಿ ಬದಲಾಯಿತು. 1960ರ ದಶಕದಲ್ಲಂತೂ ಒಂದೇ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಪುನಃ ಬಳಸಲಾಯಿತು. ಹೀಗಾಗಿ ತಲೆಯ ಆಕಾರ, ಹೆಸರಿನ ಅಕ್ಷರಶೈಲಿ, ಬಿರಡೆಗಳ ಬಗೆ, ತಂತಿಗಳನ್ನು ಹಿಡಿದಿಡುವ ಬ್ರಿಜ್‌ನ ವಿನ್ಯಾಸ ಇವೆಲ್ಲವನ್ನೂ ಒಟ್ಟಾಗಿ ನೋಡಿ ಕಾಲ ನಿರ್ಣಯಿಸಬೇಕಾಗುತ್ತದೆ. ಎರಡನೇ ಮಹಾಯುದ್ಧದ ಅವಧಿಯಲ್ಲಿ ತಯಾರಾದ ಗಿಬ್ಸನ್ ಗಿಟಾರ್‌ಗಳ ತಲೆಯ ಮೇಲೆ ಘೋಷವಾಕ್ಯವಿರುವ ಪಟ್ಟಿಯೊಂದು ಇರುತ್ತಿತ್ತು. ಗಂಡಸರು ಯುದ್ಧಕ್ಕೆ ತೆರಳಿದ್ದ ಆ ದಿನಗಳಲ್ಲಿ ಕಲಮಜೂ ಕಾರ್ಖಾನೆಯ ಕೆಲಸದ ಬಹುಭಾಗವನ್ನು ಮಹಿಳೆಯರು ನಿರ್ವಹಿಸಿದ್ದರು. ಆ ಸಣ್ಣ ಪಟ್ಟಿಯೇ ಇಂದು ಕಾಲ ನಿರ್ಣಯದ ದೊಡ್ಡ ಸಾಕ್ಷ್ಯ.

ಗುರುತು ಪತ್ತೆಯ ಮಹತ್ವಕ್ಕೆ ಲೆನನ್‌ರದೇ ಮತ್ತೊಂದು ಗಿಟಾರ್ ನಿದರ್ಶನ. ಅವರು 1962ರಲ್ಲಿ ಕೊಂಡ ಗಿಬ್ಸನ್ ಜೆ-160ಇ ಗಿಟಾರ್ 1963ರ ಕೊನೆಯಲ್ಲಿ ಕಾಣೆಯಾಯಿತು. ಮುಂದೆ ಅದನ್ನು ಅಮೆರಿಕದ ವ್ಯಕ್ತಿಯೊಬ್ಬರು 1960ರ ದಶಕದ ಕೊನೆಯಲ್ಲಿ 175 ಡಾಲರಿಗೆ ಕೊಂಡಿದ್ದರು. ಅದು ಯಾರದೆಂದು ತಿಳಿಯದೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನುಡಿಸಿದರು. ಕ್ರಮಸಂಖ್ಯೆ ಹಾಗೂ ಮರದ ಮೇಲಿನ ಗೆರೆಗಳನ್ನು ಹಳೆಯ ಛಾಯಾಚಿತ್ರಗಳೊಂದಿಗೆ ಹೋಲಿಸಿದಾಗ ನಿಜ ಹೊರಬಿತ್ತು. 2015ರ ನವೆಂಬರ್‌ನಲ್ಲಿ ಅದು ಹರಾಜಾದದ್ದು 24 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ. ವಾದ್ಯ ಅದೇ, ಮರ ಅದೇ. ಬದಲಾದದ್ದು ಅದರ ಬಗೆಗಿನ ಮಾಹಿತಿ ಮಾತ್ರ.

ಖ್ಯಾತನಾಮರ ಗಿಟಾರ್‌ಗಳ ಬೆಲೆಯನ್ನು ಮಾತ್ರ ಮಾನದಂಡವಾಗಿ ಇಟ್ಟುಕೊಳ್ಳಬಾರದು. ನಿರ್ವಾಣ ತಂಡದ ಕರ್ಟ್ ಕೊಬೇನ್ 1993ರಲ್ಲಿ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ನುಡಿಸಿದ 1959ರ ಮಾರ್ಟಿನ್ ಡಿ-18ಇ ಗಿಟಾರ್ 2020ರ ಜೂನ್‌ನಲ್ಲಿ 60 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಅದೇ ಮಾದರಿಯ, ಯಾರೋ ಅನಾಮಿಕರು ನುಡಿಸಿದ ಗಿಟಾರಿಗೆ ಅದರ ಸಣ್ಣದೊಂದು ಅಂಶವೂ ಸಿಗದು. ಅಲ್ಲಿ ಜನ ಹಣ ಕೊಟ್ಟದ್ದು ಮರಕ್ಕಲ್ಲ, ಕೊಬೇನ್ ಸ್ಪರ್ಶಕ್ಕೆ.

ಬ್ರೆಜಿಲ್‌ನ ಮರ, ಮಲೆನಾಡಿನ ಬೀಟೆ

ಈ ವ್ಯಾಪಾರಕ್ಕೂ ನಮ್ಮ ಪಶ್ಚಿಮ ಘಟ್ಟಗಳಿಗೂ ಒಂದು ನಂಟಿದೆ. ಮಾರ್ಟಿನ್‌ನ ಉತ್ತಮ ದರ್ಜೆಯ ಗಿಟಾರ್‌ಗಳ ಹಿಂಬದಿ ಮತ್ತು ಪಕ್ಕದ ಹಲಗೆಗಳಿಗೆ ದೀರ್ಘಕಾಲ ಬಳಕೆಯಾದದ್ದು ಬ್ರೆಜಿಲ್ ದೇಶದ ರೋಸ್‌ವುಡ್. 1960ರ ದಶಕದಲ್ಲಿ ಅಗಲವಾದ ಒಳ್ಳೆಯ ಹಲಗೆಗಳು ಸಿಗುವುದು ದುರ್ಲಭವಾಯಿತು. 1965ರಲ್ಲಿ ಕಂಪೆನಿ ಹೊರತಂದ ಡಿ-35 ಮಾದರಿಯ ಬೆನ್ನನ್ನು ಎರಡರ ಬದಲು ಮೂರು ತುಂಡುಗಳಿಂದ ಜೋಡಿಸಿದ್ದು ಕಿರಿದಾದ ಹಲಗೆಗಳನ್ನೂ ಬಳಸಿಕೊಳ್ಳುವ ಸಲುವಾಗಿ. ಬಳಿಕ ದಿಮ್ಮಿಗಳ ರಫ್ತಿಗೆ ಬ್ರೆಜಿಲ್ ನಿರ್ಬಂಧ ಹೇರಿತು. ಆಗ ಮಾರ್ಟಿನ್ 1969ರ ಕೊನೆಯ ವೇಳೆಗೆ ಭಾರತದ ರೋಸ್‌ವುಡ್‌ಗೆ, ಅಂದರೆ ನಾವು ಬೀಟೆ ಎಂದು ಕರೆಯುವ ಮರಕ್ಕೆ ಬದಲಾಯಿಸಿಕೊಂಡಿತು.

ಕೊಡಗು, ಮಲೆನಾಡಿನ ಕಾಡುಗಳೂ ಸೇರಿದಂತೆ ಘಟ್ಟಶ್ರೇಣಿಯಲ್ಲಿ ಬೆಳೆಯುವ ಈ ಮರ ನಾದದ ಗುಣದಲ್ಲಿ ಕಡಿಮೆಯದೇನಲ್ಲ. ಅರ್ಧ ಶತಮಾನಕ್ಕೂ ಮಿಗಿಲಾಗಿ ಜಗತ್ತಿನ ಶ್ರೇಷ್ಠ ಗಿಟಾರ್‌ಗಳು ಇದರಿಂದಲೇ ತಯಾರಾಗಿವೆ. ಆದರೆ ಸಂಗ್ರಾಹಕರ ಲೆಕ್ಕವೇ ಬೇರೆ. ಇನ್ನು ದೊರೆಯದ ವಸ್ತುವಿಗೆ ಅವರು ಹೆಚ್ಚು ಕೊಡುತ್ತಾರೆ. ಇತರ ಅಂಶಗಳೆಲ್ಲ ಒಂದೇ ಆಗಿದ್ದರೂ 1968ರ ಡಿ-28 ಗಿಟಾರಿಗೂ 1971ರ ಡಿ-28 ಗಿಟಾರಿಗೂ ಬೆಲೆಯ ಅಂತರ ಎರಡು ಪಟ್ಟನ್ನು ಮೀರಬಹುದು. ಎರಡೂ ಮರಗಳನ್ನು ಬರಿಗಣ್ಣಿನಿಂದ ಪ್ರತ್ಯೇಕಿಸುವುದು ಅನುಭವಿಗಳಿಗೂ ಕೆಲವೊಮ್ಮೆ ಕಷ್ಟ. ಹೀಗಾಗಿ ಇಲ್ಲಿಯೂ ಕ್ರಮಸಂಖ್ಯೆಯೇ ಮೊದಲ ಆಸರೆ.

ದಯವಿಟ್ಟು ಮುಟ್ಟಬೇಡಿ

ಮಾರುವವರಿಗೆ ಆಗುವ ದೊಡ್ಡ ನಷ್ಟ ಚೌಕಾಸಿಯ ವೇಳೆಯಲ್ಲಿ ಆಗುವುದಿಲ್ಲ. ಬಹುತೇಕ ಅದಕ್ಕೂ ಮುನ್ನವೇ, ಮನೆಯಲ್ಲಿಯೇ ಆಗಿಹೋಗಿರುತ್ತದೆ. ಗಿರಾಕಿಗೆ ಚೆನ್ನಾಗಿ ಕಾಣಲಿ ಎಂಬ ಸದುದ್ದೇಶದಿಂದ ಹಳೆಯ ಗಿಟಾರಿಗೆ ಹೊಸ ಪಾಲಿಶ್ ಹಾಕಿಸುವುದು, ತುಕ್ಕು ಹಿಡಿದ ಬಿರಡೆಗಳನ್ನು ಬಿಸಾಡಿ ಹೊಸದನ್ನು ಕೂಡಿಸುವುದು, ಬಿರುಕಿಗೆ ಅಂಗಡಿಯಲ್ಲಿ ಸಿಗುವ ಅಂಟು ಸುರಿಯುವುದು ಇವು ಆ ನಷ್ಟದ ಬಗೆಗಳು.

ಮಾರ್ಟಿನ್, ಗಿಬ್ಸನ್ ಕಂಪೆನಿಗಳು 1920ರ ದಶಕದಿಂದೀಚೆಗೆ ಬಳಸಿದ ನೈಟ್ರೋಸೆಲ್ಯುಲೋಸ್ ಮೆರುಗು ತೆಳುವಾದದ್ದು. ಕಾಲಕ್ರಮೇಣ ಹಳದಿಗಟ್ಟಿ, ಸಣ್ಣ ಸಣ್ಣ ಸೀಳುಗಳನ್ನು ತಾಳುತ್ತದೆ. ಅಪರಿಚಿತರಿಗೆ ಇದು ಹಾಳಾದಂತೆ ಕಾಣುತ್ತದೆ. ತಜ್ಞರಿಗೆ ಅದೇ ಅಸಲಿತನದ ಮುದ್ರೆ. ಮೂಲ ಮೆರುಗನ್ನು ಕೆರೆದು ಹೊಸದನ್ನು ಹಚ್ಚಿದ ಗಿಟಾರ್ ತನ್ನ ಬೆಲೆಯ ಸುಮಾರು ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ ಎಂಬುದು ಈ ವ್ಯಾಪಾರದಲ್ಲಿ ರೂಢಿಯಲ್ಲಿರುವ ಲೆಕ್ಕ. ಒಮ್ಮೆ ಹೋದ ಮೂಲ ಮೆರುಗನ್ನು ಮರಳಿ ತರಲು ಯಾರಿಂದಲೂ ಸಾಧ್ಯವಿಲ್ಲ.

ಹೊಸ ಬಿರಡೆ ಕೂಡಿಸುವಾಗ ತಲೆಯಲ್ಲಿ ಹೊಸ ರಂಧ್ರ ಕೊರೆದರೆ ಅದೂ ಶಾಶ್ವತ ಗಾಯವೇ. ಮೂಲ ಬಿರಡೆ, ಬ್ರಿಜ್, ಗೀರು ತಡೆಯುವ ಫಲಕ ಇವು ಮುರಿದಿದ್ದರೂ ಜೋಪಾನವಾಗಿ ಎತ್ತಿಡಬೇಕು. ಹಳೆಯ ಪೆಟ್ಟಿಗೆ, ಅದರೊಳಗಿನ ಖರೀದಿ ರಸೀದಿ, ಕಾಗದಪತ್ರ, ಕುಟುಂಬದವರು ಗಿಟಾರ್ ಹಿಡಿದು ತೆಗೆಸಿಕೊಂಡ ಛಾಯಾಚಿತ್ರ ಎಲ್ಲಕ್ಕೂ ಬೆಲೆಯುಂಟು. ವಾದ್ಯದ ಇತಿಹಾಸವನ್ನು ಅವು ಸಾಬೀತುಪಡಿಸುತ್ತವೆ.

ಬಿರುಕು ಬಿಟ್ಟ ಮಾತ್ರಕ್ಕೆ ಎದೆಗುಂದಬೇಕಿಲ್ಲ. ಹಳೆಯ ಮಾರ್ಟಿನ್‌ಗಳಲ್ಲಿ ಗೀರು ತಡೆಯುವ ಫಲಕವನ್ನು ನೇರವಾಗಿ ಬರಿ ಮರಕ್ಕೆ ಅಂಟಿಸಲಾಗುತ್ತಿತ್ತು. ಆ ಫಲಕ ವರ್ಷಗಳು ಕಳೆದಂತೆ ಕುಗ್ಗಿ, ತನ್ನೊಡನೆ ಮರವನ್ನೂ ಎಳೆದು ಸೀಳುತ್ತದೆ. ಇದು ತೀರ ಸಾಮಾನ್ಯ. ಚೆನ್ನಾಗಿ ದುರಸ್ತಿಯಾದ ಬಿರುಕು ಬೆಲೆಯನ್ನು ಅಷ್ಟಾಗಿ ಇಳಿಸುವುದಿಲ್ಲ. ಕುತ್ತಿಗೆಯ ವಿಷಯವೂ ಹಾಗೆಯೇ. ಆರು ಲೋಹದ ತಂತಿಗಳು ಒಟ್ಟಾಗಿ 70ರಿಂದ 80 ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುವುದರಿಂದ, ದಶಕಗಳ ಬಳಿಕ ಕುತ್ತಿಗೆಯ ಕೋನ ಬದಲಾಗಿ ತಂತಿ ಎತ್ತರಕ್ಕೇರುತ್ತದೆ. ಕುತ್ತಿಗೆಯನ್ನು ಬಿಡಿಸಿ ಸರಿಯಾದ ಕೋನದಲ್ಲಿ ಮತ್ತೆ ಕೂರಿಸುವುದು ಇದಕ್ಕಿರುವ ಪರಿಹಾರ. ನುರಿತ ಕುಶಲಕರ್ಮಿ ಮಾಡಿದಲ್ಲಿ ಅದು ದೋಷವಲ್ಲ, ನಿರ್ವಹಣೆ ಎಂದೇ ಮಾನ್ಯ. ಆದರೆ ಈ ಕೆಲಸವನ್ನು ಮಾಡಿಸಬೇಕೇ ಬೇಡವೇ ಎಂಬುದನ್ನು ಗುರುತು ಪತ್ತೆಯಾದ ನಂತರವೇ ತೀರ್ಮಾನಿಸಬೇಕು. ಬಹಳಷ್ಟು ವ್ಯಾಪಾರಿಗಳಿಗೆ ತಮ್ಮದೇ ಕುಶಲಕರ್ಮಿಗಳಿರುವುದರಿಂದ, ಇದ್ದ ಸ್ಥಿತಿಯಲ್ಲಿಯೇ ಕೊಳ್ಳಲು ಅವರು ಸಿದ್ಧರಿರುತ್ತಾರೆ.

ಮಾರುವವರು ಮಾಡಬಹುದಾದದ್ದು ಇಷ್ಟೇ: ತಂತಿಗಳನ್ನು ತುಸು ಸಡಿಲಿಸಿ, ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿ, ಬಿಸಿಲು ಹಾಗೂ ತೀರ ಒಣಹವೆ ತಾಗದಂತೆ ಪೆಟ್ಟಿಗೆಯಲ್ಲಿಡುವುದು.

ತಜ್ಞರ ಕಣ್ಣಿಗೆ ಕಾಣುವುದೇನು?

ಅನುಭವಿ ಕೊಳ್ಳುಗ ಗಿಟಾರನ್ನು ನುಡಿಸುವ ಮುನ್ನ ಅದರೊಳಗೆ ಇಣುಕುತ್ತಾನೆ. ಸಣ್ಣ ದೀಪ, ಹಲ್ಲಿನ ವೈದ್ಯರು ಬಳಸುವಂಥ ಕನ್ನಡಿ ಇವು ಅವನ ಉಪಕರಣಗಳು. ಆಧಾರ ಪಟ್ಟಿಗಳನ್ನು ಯಾರಾದರೂ ಮುಂದೆ ಕೆತ್ತಿದ್ದಾರೆಯೇ, ಬ್ರಿಜ್‌ನ ಕೆಳಗಿರುವ ಫಲಕ ಮೂಲದ್ದೇ, ಅಂಟು ಹಳೆಯ ಬಗೆಯದೇ ಎಂಬುದು ಅಲ್ಲಿ ತಿಳಿಯುತ್ತದೆ. ಅನಂತರ ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಹಿಡಿಯಲಾಗುತ್ತದೆ. ಹಳೆಯ ಮೆರುಗು ಈ ಬೆಳಕಿನಲ್ಲಿ ಹಳದಿ-ಹಸಿರು ಹೊಳಪು ಸೂಸುತ್ತದೆ. ಮುಂದೆ ಹಚ್ಚಿದ ಭಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಕುತ್ತಿಗೆ ಮುರಿದು ಜೋಡಿಸಿದ ಗುರುತೂ ಹೀಗೆಯೇ ಬಯಲಾಗುತ್ತದೆ.

ಆದ್ದರಿಂದ ದೋಷ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಗೊತ್ತಿರುವ ದುರಸ್ತಿಗಳನ್ನೆಲ್ಲ ಮೊದಲೇ ಹೇಳಿದವರ ಮಾತಿಗೆ ಮುಂದೆ ಬೆಲೆ ಸಿಗುತ್ತದೆ. ದೂರದ ವ್ಯಾಪಾರಿಗೆ ಚಿತ್ರ ಕಳುಹಿಸುವವರು ಮುಂಭಾಗ, ಹಿಂಭಾಗ, ಎರಡೂ ಪಕ್ಕ, ತಲೆಯ ಎರಡೂ ಬದಿ, ಬ್ರಿಜ್, ಕ್ರಮಸಂಖ್ಯೆ ಹಾಗೂ ಪ್ರತಿಯೊಂದು ಬಿರುಕಿನ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಬೇಕು.

ಒಂದು ಗಿಟಾರ್, ಮೂರು ಬೆಲೆ

ಹಳೆಯ ಗಿಟಾರಿಗೆ ಒಂದೇ ಬೆಲೆ ಎಂಬುದಿಲ್ಲ. ಅಂಗಡಿಯಲ್ಲಿ ಗಿರಾಕಿ ಕೊಡುವ ಚಿಲ್ಲರೆ ಬೆಲೆ ಒಂದು. ಕಳುವಾದರೆ ಅಥವಾ ಸುಟ್ಟುಹೋದರೆ ಅಂಥದೇ ಇನ್ನೊಂದನ್ನು ಕೊಳ್ಳಲು ತಗಲುವ ವಿಮಾ ಬೆಲೆ ಇನ್ನೊಂದು. ಇದು ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ವ್ಯಾಪಾರಿ ತಾನು ಕೊಳ್ಳುವಾಗ ಕೊಡುವ ಬೆಲೆ ಮೂರನೆಯದು, ಇದು ಎಲ್ಲಕ್ಕಿಂತ ಕಡಿಮೆ. ವಿಮೆಗಾಗಿ ಬರೆಸಿದ ಪ್ರಮಾಣಪತ್ರವನ್ನು ಹಿಡಿದು ಅಂಗಡಿಗೆ ಹೋದವರು ನಿರಾಶರಾಗುವುದು ಈ ಭೇದ ತಿಳಿಯದೆ. ಮಾರಾಟಕ್ಕಿಟ್ಟ ಗಿಟಾರ್‌ಗಳ ಮೇಲೆ ನಮೂದಿಸಿದ ಬೆಲೆಯನ್ನು ನಂಬುವುದೂ ಸರಿಯಲ್ಲ. ಅದು ಮಾರುವವರ ಆಸೆಯೇ ಹೊರತು ಕೊಳ್ಳುವವರು ಕೊಟ್ಟ ಹಣವಲ್ಲ. ವಾಸ್ತವವಾಗಿ ಮಾರಾಟವಾದ ಬೆಲೆಗಳನ್ನೇ ನೋಡಬೇಕು.

ಇಲ್ಲಿಯೇ ಹಿತಾಸಕ್ತಿಯ ಪ್ರಶ್ನೆ ಉದ್ಭವಿಸುತ್ತದೆ. ಬೆಲೆ ಹೇಳುವವನೇ ಕೊಳ್ಳುವವನೂ ಆದರೆ, ಕಡಿಮೆ ಹೇಳುವುದರಲ್ಲಿ ಅವನಿಗೆ ಲಾಭವಿದೆ. ಎಲ್ಲ ವ್ಯಾಪಾರಿಗಳೂ ವಂಚಕರೆಂದು ಇದರ ಅರ್ಥವಲ್ಲ. ನ್ಯಾಶ್‌ವಿಲ್‌ನಲ್ಲಿ 1970ರಿಂದ ಇರುವ ಗ್ರೂನ್ ಗಿಟಾರ್ಸ್, ಮಿಷಿಗನ್ನಿನಲ್ಲಿ 1972ರಲ್ಲಿ ಆರಂಭವಾದ ಎಲ್ಡರ್ಲಿ ಇನ್‌ಸ್ಟ್ರುಮೆಂಟ್ಸ್‌ನಂಥ ಮಳಿಗೆಗಳು ದಶಕಗಳ ಕಾಲ ಬೆಳೆದಿರುವುದು ಮುಖ್ಯವಾಗಿ ನಂಬಿಕೆಯ ಮೇಲೆ. ಆದರೂ ಮೌಲ್ಯಮಾಪನವನ್ನೂ ಖರೀದಿಯನ್ನೂ ಬೇರೆ ಬೇರೆ ಇಡುವುದು ಮಾರುವವರಿಗೆ ಕ್ಷೇಮ. ಶುಲ್ಕ ಕೊಟ್ಟು ಒಬ್ಬರಿಂದ ಲಿಖಿತ ಮೌಲ್ಯಮಾಪನ ಪಡೆದು, ಇನ್ನಿಬ್ಬರಿಂದ ಖರೀದಿ ಬೆಲೆ ಕೇಳುವುದು ಸೂಕ್ತ. ಅಮೆರಿಕದ ವೃತ್ತಿಪರ ಮೌಲ್ಯಮಾಪಕರ ನಿಯಮಾವಳಿಯೂ ವಸ್ತುವಿನಲ್ಲಿ ತಮಗಿರುವ ಹಿತಾಸಕ್ತಿಯನ್ನು ಬಹಿರಂಗಪಡಿಸಬೇಕೆಂದು ಹೇಳುತ್ತದೆ.

ಲಿಖಿತ ಮೌಲ್ಯಮಾಪನಕ್ಕೆ ಇನ್ನೊಂದು ಉಪಯೋಗವೂ ಇದೆ. ಅಮೆರಿಕದ ತೆರಿಗೆ ಕಾನೂನಿನ ಪ್ರಕಾರ ಪಿತ್ರಾರ್ಜಿತ ವಸ್ತುವನ್ನು ಮಾರಿದಾಗ, ಮೂಲ ಮಾಲೀಕರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯನ್ನು ಸಾಮಾನ್ಯವಾಗಿ ಆಧಾರವಾಗಿ ಪರಿಗಣಿಸಿ ಲಾಭ ಲೆಕ್ಕ ಹಾಕಲಾಗುತ್ತದೆ. ಅಜ್ಜ 1940ರಲ್ಲಿ ಕೊಟ್ಟ ಕೆಲವೇ ಡಾಲರ್‌ಗಳನ್ನಲ್ಲ. ಆ ದಿನದ ಬೆಲೆಯನ್ನು ತೋರಿಸುವ ದಾಖಲೆ ಇದ್ದರೆ ವಾರಸುದಾರರಿಗೆ ತೆರಿಗೆಯ ಹೊರೆ ಇಳಿಯುತ್ತದೆ.

ಮಾರಾಟದ ದಾರಿಗಳು

ಮೊದಲ ದಾರಿ ವ್ಯಾಪಾರಿಗೆ ನೇರ ಮಾರಾಟ. ಹಣ ಅಂದೇ ಕೈಸೇರುತ್ತದೆ, ತಲೆನೋವಿಲ್ಲ. ಪ್ರತಿಯಾಗಿ ಚಿಲ್ಲರೆ ಬೆಲೆಯ ಅರ್ಧದಿಂದ ಮೂರನೇ ಎರಡರಷ್ಟು ಮಾತ್ರ ದೊರೆಯುವುದು ವಾಡಿಕೆ. ಇದನ್ನು ಅನ್ಯಾಯವೆನ್ನಲಾಗದು. ಬಾಡಿಗೆ, ದುರಸ್ತಿ, ತಿಂಗಳುಗಟ್ಟಲೆ ಸಿಲುಕಿಕೊಳ್ಳುವ ಬಂಡವಾಳ, ಗಿರಾಕಿಗೆ ಕೊಡುವ ಖಾತರಿ ಎಲ್ಲವನ್ನೂ ವ್ಯಾಪಾರಿ ಈ ಅಂತರದಿಂದಲೇ ಭರಿಸಬೇಕು.

ಎರಡನೆಯದು ಕಮಿಷನ್ ಮೇಲೆ ಅಂಗಡಿಯಲ್ಲಿ ಇಡುವುದು. ಗಿಟಾರಿನ ಒಡೆತನ ಮಾರುವವರಲ್ಲಿಯೇ ಉಳಿಯುತ್ತದೆ. ಮಾರಾಟವಾದಾಗ ಅಂಗಡಿ ತನ್ನ ಪಾಲು ಕಳೆದು ಉಳಿದದ್ದನ್ನು ಕೊಡುತ್ತದೆ. ಈ ಪಾಲು ಸಾಮಾನ್ಯವಾಗಿ ಶೇ 15ರಿಂದ 30ರವರೆಗೆ ಇರುತ್ತದೆ. ಒಂದು ಉದಾಹರಣೆ ನೋಡೋಣ. ಚಿಲ್ಲರೆ ಬೆಲೆ 10,000 ಡಾಲರ್ ಇರುವ ಗಿಟಾರಿಗೆ ನೇರ ಮಾರಾಟದಲ್ಲಿ ಅರ್ಧ ಎಂದರೆ 5,000 ಡಾಲರ್ ಸಿಕ್ಕಿದರೆ, ಶೇ 20ರ ಕಮಿಷನ್‌ನಲ್ಲಿ 8,000 ಡಾಲರ್ ಸಿಗುತ್ತದೆ. ಆದರೆ ಅದಕ್ಕಾಗಿ ಕೆಲವು ತಿಂಗಳು, ಒಮ್ಮೊಮ್ಮೆ ವರ್ಷವೇ ಕಾಯಬೇಕಾದೀತು. ಕಾಯಲು ಶಕ್ತರಾದವರಿಗೆ ಇದು ಲಾಭದಾಯಕ. ಕಮಿಷನ್ ಎಷ್ಟು, ದುರಸ್ತಿ ಖರ್ಚು ಯಾರದು, ಕನಿಷ್ಠ ಬೆಲೆ ಏನು, ಅಂಗಡಿಯಲ್ಲಿದ್ದಾಗ ವಿಮೆ ಯಾರದು, ಹಣ ಎಷ್ಟು ದಿನದೊಳಗೆ ಕೈಸೇರುತ್ತದೆ ಎಂಬ ಐದು ಅಂಶಗಳು ಒಪ್ಪಂದ ಪತ್ರದಲ್ಲಿ ಇರಲೇಬೇಕು.

ಮೂರನೆಯದು ಹರಾಜು. ತೀರ ಅಪರೂಪದ ಅಥವಾ ಖ್ಯಾತನಾಮರ ವಾದ್ಯಕ್ಕೆ ಇದು ಹೊಂದುತ್ತದೆ. ಎರಿಕ್ ಕ್ಲಾಪ್ಟನ್ ಅವರ 1939ರ ಮಾರ್ಟಿನ್ 000-42 ಗಿಟಾರ್ 2004ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 7,91,500 ಡಾಲರ್ ತಂದಿತ್ತು. ಸಾಧಾರಣ ಗಿಟಾರಿಗೆ ಹರಾಜಿನಲ್ಲಿ ಸಗಟು ಬೆಲೆ ಸಿಗುವ ಸಾಧ್ಯತೆಯೇ ಹೆಚ್ಚು. ನಾಲ್ಕನೆಯ ದಾರಿ, ನುಡಿಸುವವರಿಗೇ ನೇರವಾಗಿ ಮಾರುವುದು. 2013ರಲ್ಲಿ ಆರಂಭವಾದ ರಿವರ್ಬ್‌ನಂಥ ಅಂತರಜಾಲ ಮಾರುಕಟ್ಟೆಗಳು ಇದನ್ನು ಸುಲಭಗೊಳಿಸಿವೆ. ಬೆಲೆ ಹೆಚ್ಚು ಸಿಗಬಹುದು. ಪ್ಯಾಕಿಂಗ್, ಸಾಗಣೆ, ವಂಚನೆಯ ಭೀತಿ, ಗಿರಾಕಿಯ ತಕರಾರು ಎಲ್ಲವೂ ಮಾರುವವರ ಹೆಗಲಿಗೆ.

ಗಡಿ ದಾಟಿದರೆ ಕಾನೂನು

ಕೊಳ್ಳುವವರು ಬೇರೆ ದೇಶದಲ್ಲಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದವು 1992ರಲ್ಲಿ ಬ್ರೆಜಿಲ್ ರೋಸ್‌ವುಡ್ ಅನ್ನು ಅತ್ಯಂತ ಕಠಿಣವಾದ ಮೊದಲ ಪಟ್ಟಿಗೆ ಸೇರಿಸಿತು. ಹಳೆಯ ಗಿಟಾರ್ ಆದರೂ, ಆ ವರ್ಷಕ್ಕಿಂತ ಮುನ್ನ ಪಡೆದ ಮರದ್ದೆಂದು ಸಾಬೀತುಪಡಿಸಿ ಪ್ರಮಾಣಪತ್ರ ಪಡೆಯದೆ ಗಡಿ ದಾಟಿಸುವಂತಿಲ್ಲ. ಇಲ್ಲದಿದ್ದಲ್ಲಿ ವಾದ್ಯ ಮುಟ್ಟುಗೋಲಾಗುವ ಅಪಾಯವಿದೆ.

2017ರ ಜನವರಿಯಲ್ಲಿ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಉಳಿದೆಲ್ಲ ಮರಗಳು ಎರಡನೇ ಪಟ್ಟಿಗೆ ಸೇರಿದಾಗ ಗಿಟಾರ್ ಲೋಕದಲ್ಲಿ ಗೊಂದಲವೇ ಎದ್ದಿತ್ತು. 2019ರ ನವೆಂಬರ್‌ನಿಂದ ತಯಾರಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆದರೆ ಮೊದಲ ಪಟ್ಟಿಯಲ್ಲಿರುವ ಬ್ರೆಜಿಲ್ ಮರಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹಳೆಯ ಮಾರ್ಟಿನ್‌ಗಳ ಅಂಚು, ಬ್ರಿಜ್‌ಗಳಲ್ಲಿ ಆನೆದಂತ ಬಳಕೆಯಾಗಿರುವುದೂ ಉಂಟು. ಅದಕ್ಕೆ ಪ್ರತ್ಯೇಕ ನಿರ್ಬಂಧಗಳಿವೆ. ಆದ್ದರಿಂದ ಹೊರದೇಶದ ಗಿರಾಕಿ ಹೆಚ್ಚು ಬೆಲೆ ಕೊಡುತ್ತೇನೆಂದರೂ, ಪರವಾನಗಿಯ ಕೆಲಸ ಯಾರು ಮಾಡಿಸುತ್ತಾರೆ ಎಂಬುದನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು.

ಹಣ ಕೈಸೇರುವವರೆಗೆ

ವ್ಯವಹಾರ ಕುದುರಿದ ಮೇಲೂ ಎಚ್ಚರ ಅಗತ್ಯ. ಗಿಟಾರನ್ನು ಸಾಗಿಸುವಾಗ ತಂತಿ ಸಡಿಲಿಸಿ, ಪೆಟ್ಟಿಗೆಯೊಳಗೆ ತಲೆ ಹಾಗೂ ಕುತ್ತಿಗೆ ಅಲ್ಲಾಡದಂತೆ ಮೆತ್ತೆಯಿಟ್ಟು, ಹೊರಗೆ ಇನ್ನೊಂದು ಗಟ್ಟಿ ಡಬ್ಬಿ ಬಳಸಬೇಕು. ಸಾಗಣೆಯಲ್ಲಿ ಮೊದಲು ಮುರಿಯುವುದು ತಲೆಯ ಬುಡವೇ. ಪೂರ್ಣ ಬೆಲೆಗೆ ವಿಮೆ ಇಳಿಸಿ, ಸಹಿ ಪಡೆದು ಒಪ್ಪಿಸುವ ವ್ಯವಸ್ಥೆ ಮಾಡಬೇಕು. ಚಳಿಗಾಲದಲ್ಲಿ ತಲುಪಿದ ಡಬ್ಬಿಯನ್ನು ಒಂದು ದಿನ ಹಾಗೆಯೇ ಬಿಟ್ಟು, ಕೋಣೆಯ ಶಾಖಕ್ಕೆ ಹೊಂದಿಕೊಂಡ ನಂತರ ತೆರೆಯುವುದು ರೂಢಿ. ತಟ್ಟನೆ ತೆರೆದರೆ ಹಳೆಯ ಮೆರುಗು ಸೀಳುತ್ತದೆ. ತಲುಪಿದ ಬಳಿಕ ಪರಿಶೀಲನೆಗೆ 24ರಿಂದ 48 ಗಂಟೆ ಕಾಲಾವಕಾಶ ಕೊಡುವ ಪದ್ಧತಿಯೂ ಇದೆ. ಆ ಅವಧಿ, ಹಿಂದಿರುಗಿಸುವ ಖರ್ಚು ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಒಪ್ಪಿದ್ದಕ್ಕಿಂತ ಹೆಚ್ಚು ಮೊತ್ತದ ಚೆಕ್ ಕಳುಹಿಸಿ, ಉಳಿಕೆಯನ್ನು ಹಿಂದಿರುಗಿಸಿ ಎನ್ನುವವರು ಬಹುತೇಕ ವಂಚಕರು. ಬ್ಯಾಂಕಿನ ಹೆಸರಿರುವ ಚೆಕ್ಕುಗಳನ್ನೂ ನಕಲಿ ಮಾಡಲಾಗುತ್ತದೆ. ಖಾತೆಯಲ್ಲಿ ಮೊತ್ತ ಕಂಡರೂ ಕೆಲವು ದಿನಗಳ ನಂತರ ಅದು ವಾಪಸಾಗಬಹುದು. ಹಣ ನಿಜವಾಗಿ ಜಮೆಯಾಗಿದೆ ಎಂದು ಬ್ಯಾಂಕ್ ಖಚಿತಪಡಿಸುವವರೆಗೆ ಗಿಟಾರ್ ಮನೆಯಿಂದ ಹೊರಡಬಾರದು. ಪ್ರಾಮಾಣಿಕ ಕೊಳ್ಳುಗನೂ ಮಾರುವವರಿಂದ ಒಡೆತನದ ವಿವರ ಕೇಳುತ್ತಾನೆ. ವಾರಸುದಾರರು ಹಲವರಿದ್ದರೆ ಎಲ್ಲರ ಒಪ್ಪಿಗೆ ಪತ್ರ ಸಿದ್ಧವಿರಲಿ.

ಅವಸರವೇ ಈ ವಹಿವಾಟಿನ ದೊಡ್ಡ ಶತ್ರು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ, ಸಾವಿನ ದುಃಖದ ನಡುವೆ, ಮೊದಲು ಬಂದವರು ಹೇಳಿದ ಬೆಲೆಗೆ ಕೊಟ್ಟುಬಿಟ್ಟವರೇ ಹೆಚ್ಚು ಕಳೆದುಕೊಳ್ಳುವುದು. ಎಪ್ಪತ್ತು ವರ್ಷ ಮೂಲೆಯಲ್ಲಿದ್ದ ಗಿಟಾರ್ ಇನ್ನೊಂದು ತಿಂಗಳು ಅಲ್ಲಿಯೇ ಇದ್ದರೆ ನಷ್ಟವೇನಿಲ್ಲ. ಆ ಒಂದು ತಿಂಗಳಲ್ಲಿ ಕ್ರಮಸಂಖ್ಯೆ ಬರೆದುಕೊಂಡು, ಚಿತ್ರ ತೆಗೆದು, ಮೂವರನ್ನು ವಿಚಾರಿಸಿದರೆ ಸಾಕು. ಅದು ಕೆಲವು ನೂರು ಡಾಲರಿನ ವಾದ್ಯವೆಂದೇ ತಿಳಿದುಬಂದರೂ ಬೇಸರಿಸಬೇಕಿಲ್ಲ. ಅಂಥ ಗಿಟಾರನ್ನು ಮಾರುವುದಕ್ಕಿಂತ, ತಂತಿ ಬದಲಿಸಿ ಮನೆಯ ಮಕ್ಕಳ ಕೈಗೆ ಕೊಡುವುದು ಮೇಲು.